ಗೆದ್ದವನಿಗಿಂತ ಸೋತವನನ್ನು ನೋಡಿ: ಕುಸ್ತಿ ಕಂಪನಿಗಳು ಹೊಸ ಸ್ಟಾರ್‌ಗಳನ್ನು ಬೆಳೆಸುವ ಬಗೆ

ಓದುಗರ ಪ್ರಶ್ನೆ: ಚಿಕ್ಕಂದಿನಿಂದ ಡಬ್ಲ್ಯುಡಬ್ಲ್ಯುಇ ನೋಡುತ್ತಿದ್ದೇನೆ. ಫಲಿತಾಂಶ ಮೊದಲೇ ನಿಗದಿ ಆಗಿರುತ್ತೆ ಅಂತ ಗೊತ್ತು. ಹಾಗಿದ್ದರೆ ಕಂಪನಿ ಯಾರನ್ನು ಬೇಕಾದರೂ ಸ್ಟಾರ್ ಮಾಡಬಹುದು ಅಲ್ವಾ? ಆದರೂ ಕೆಲವರು ನೋಡ್ತಾ ನೋಡ್ತಾ ಮೇಲೆ ಬರುತ್ತಾರೆ, ಕೆಲವರು ತಿಂಗಳುಗಟ್ಟಲೆ ಪ್ರಚಾರ ಮಾಡಿಸಿಕೊಂಡೂ ಮಾಯವಾಗುತ್ತಾರೆ. ಖಲಿ, ಜಿಂದರ್ ಮಹಲ್, ವೀರ್ ಮಹಾನ್ ಯಾಕೆ ಮೇಲೆ ನಿಲ್ಲಲಿಲ್ಲ? ಮುಂದೆ ಯಾರನ್ನು ಬೆಳೆಸುತ್ತಾರೆ ಅಂತ ಮೊದಲೇ ತಿಳಿಯುವ ದಾರಿ ಇದೆಯಾ?

ಉತ್ತರ: ಯಾರನ್ನು ಬೇಕಾದರೂ ಸ್ಟಾರ್ ಮಾಡಬಹುದು ಅನ್ನುವ ಹಾಗಿದ್ದರೆ ಯಾವ ಕುಸ್ತಿ ಕಂಪನಿಯೂ ಮುಚ್ಚುತ್ತಿರಲಿಲ್ಲ. ಕಂಪನಿಯ ಕೈಯಲ್ಲಿ ಇರುವುದು ಗೆಲುವು, ಚಾಂಪಿಯನ್ ಬೆಲ್ಟು, ಮೈಕು, ಟಿವಿಯ ಸಮಯ. ಇಷ್ಟನ್ನೂ ಒಬ್ಬನ ಮೇಲೆ ಸುರಿಯಬಹುದು. ಆದರೆ ಅವನು ಬಂದಾಗ ಜನ ಎದ್ದು ಪಾಪ್‌ಕಾರ್ನ್ ತರಲು ಹೋದರೆ ಅಲ್ಲಿಗೆ ಕತೆ ಮುಗಿಯಿತು.

ಮೈಸೂರು ದಸರಾ ಕುಸ್ತಿಗೆ ಮೊದಲು ಪೈಲ್ವಾನರನ್ನು ಕರೆದು ಜೋಡಿ ಕಟ್ಟುತ್ತಾರೆ. ತೂಕ, ವಯಸ್ಸು, ಅನುಭವ ನೋಡಿ ಯಾರಿಗೆ ಯಾರು ಸರಿ ಅಂತ ಹಿರಿಯರು ತೀರ್ಮಾನಿಸುತ್ತಾರೆ. ಅಲ್ಲಿ ಕಟ್ಟುವುದು ಜೋಡಿ ಮಾತ್ರ, ಉಳಿದದ್ದು ಮಟ್ಟಿಯಲ್ಲಿ ಇಳಿದವರಿಗೆ ಬಿಟ್ಟದ್ದು. ವೃತ್ತಿಪರ ಕುಸ್ತಿಯಲ್ಲಿ ಜೋಡಿಯ ಜೊತೆ ಫಲಿತಾಂಶವನ್ನೂ ಕಟ್ಟುತ್ತಾರೆ. ಆ ಕೆಲಸ ಮಾಡುವವನನ್ನು ಬುಕರ್ ಅನ್ನುತ್ತಾರೆ. ಒಳ್ಳೆ ಬುಕರ್‌ಗೂ ಕೆಟ್ಟ ಬುಕರ್‌ಗೂ ಇರುವ ವ್ಯತ್ಯಾಸ 'ಯಾರು ಗೆಲ್ಲಬೇಕು' ಅನ್ನುವುದರಲ್ಲಿ ಅಷ್ಟಾಗಿ ಕಾಣುವುದಿಲ್ಲ. 'ಸೋಲುವವನು ಹೇಗೆ ಸೋಲಬೇಕು' ಅನ್ನುವುದರಲ್ಲಿ ಕಾಣುತ್ತದೆ.

ನನ್ನ ಪ್ರಕಾರ ಇಡೀ ವಿಷಯದ ಬೇರು ಅಲ್ಲೇ ಇದೆ. ಹೊಸಬನಿಗೆ ಸ್ವಂತ ಹೆಸರು ಇರುವುದಿಲ್ಲ. ಹತ್ತು ಹದಿನೈದು ವರ್ಷ ದುಡಿದ ಹಳಬನಿಗೆ ಹೆಸರು ಇರುತ್ತದೆ. ಹಳಬ ಸೋಲುವ ಆ ಒಂದು ರಾತ್ರಿ ಅವನ ಹೆಸರಿನ ಒಂದು ಪಾಲು ಹೊಸಬನಿಗೆ ದಾಟಬೇಕು. ಕುಸ್ತಿಯವರು ಇದಕ್ಕೆ 'ರಬ್' ಅನ್ನುತ್ತಾರೆ. ಒಂದು ಕಂಪನಿಯಲ್ಲಿ ಇಂಥ ದೊಡ್ಡ ಹೆಸರುಗಳು ನಾಲ್ಕೋ ಐದೋ ಇದ್ದರೆ ಹೆಚ್ಚು. ಅವನ್ನು ಯಾರ ಮೇಲೆ ಖರ್ಚು ಮಾಡುತ್ತಾರೆ, ಪೂರ್ತಿ ಖರ್ಚು ಮಾಡುವ ಧೈರ್ಯ ಇದೆಯಾ, ಇದರ ಮೇಲೆ ಎಲ್ಲ ನಿಂತಿದೆ.

ಮೊದಲು ಪರಿಚಯದ ವಿಷಯ ಬೇಗ ಮುಗಿಸಿಬಿಡೋಣ. ಯಾಕೆಂದರೆ ಜನ ಅದಕ್ಕೆ ಕೊಡಬೇಕಾದ್ದಕ್ಕಿಂತ ಜಾಸ್ತಿ ಬೆಲೆ ಕೊಡುತ್ತಾರೆ. ಅಂಡರ್‌ಟೇಕರ್ 1990ರ ನವೆಂಬರ್ 22ರಂದು ಡಬ್ಲ್ಯುಡಬ್ಲ್ಯುಎಫ್‌ನ (ಈಗಿನ ಡಬ್ಲ್ಯುಡಬ್ಲ್ಯುಇ) ಸರ್ವೈವರ್ ಸೀರೀಸ್ ಕಾರ್ಯಕ್ರಮದಲ್ಲಿ ಬಂದ. ಟೆಡ್ ಡಿಬಿಯಾಸಿಯ ತಂಡದ ಗುಟ್ಟಿನ ಆಟಗಾರ ಅಂತ ಕರೆತಂದರು. ಬಂದವನೇ ಕೋಕೋ ಬಿ ವೇರ್‌ನನ್ನು ಎತ್ತಿ ಹಾಕಿದ, ಡಸ್ಟಿ ರೋಡ್ಸ್‌ನನ್ನೂ ಹೊರಗೆ ಹಾಕಿದ. ಆದರೆ ಅವನೂ ಅದೇ ಪಂದ್ಯದಲ್ಲಿ ಔಟಾದ. ಹೇಗೆ ಗೊತ್ತಾ? ರಿಂಗಿನ ಹೊರಗೆ ಹೊಡೆದಾಡುತ್ತಾ ಇದ್ದು, ಹತ್ತು ಎಣಿಸುವುದರೊಳಗೆ ವಾಪಸ್ ಬರಲಿಲ್ಲ. ಬೆನ್ನು ನೆಲಕ್ಕೆ ತಾಗಲಿಲ್ಲ. ಪಂದ್ಯ ಗೆಲ್ಲದೆಯೂ 'ಇವನನ್ನು ಬೀಳಿಸೋಕೆ ಆಗಲ್ಲ' ಅನ್ನುವ ಮಾತು ಜನರ ತಲೆಯಲ್ಲಿ ಕೂತಿತು. ಮುಂದೆ ನಮ್ಮ ಶಾಲೆಗಳ ಕೊನೇ ಬೆಂಚಿನಲ್ಲಿ ಆಡುತ್ತಿದ್ದ ಡಬ್ಲ್ಯುಡಬ್ಲ್ಯುಎಫ್ ಕಾರ್ಡುಗಳಲ್ಲಿ ಅವನ ಕಾರ್ಡು ಸಿಕ್ಕಿದವನ ಮುಖ ನೆನಪಿಸಿಕೊಳ್ಳಿ.

ಕೇನ್‌ನದು ಇನ್ನೂ ಸ್ವಾರಸ್ಯದ ಕತೆ. ಗ್ಲೆನ್ ಜೇಕಬ್ಸ್ ಅನ್ನುವ ಈ ಮನುಷ್ಯನನ್ನು 1995ರಲ್ಲಿ ಕಂಪನಿ ಹಲ್ಲಿನ ಡಾಕ್ಟರ್ ಮಾಡಿತ್ತು. ಹೆಸರು ಐಸಾಕ್ ಯಾಂಕೆಮ್. ಕೊಳಕು ಹಲ್ಲಿನ ದಂತವೈದ್ಯ! ಆಗಲಿಲ್ಲ. 1996ರಲ್ಲಿ, ಕಂಪನಿ ಬಿಟ್ಟು ಹೋಗಿದ್ದ ಡೀಸೆಲ್ ಅನ್ನುವ ಕುಸ್ತಿಪಟುವಿನ ವೇಷ ಹಾಕಿಸಿದರು. ಜನ ನಕ್ಕರು. ಅದೇ ಏಳಡಿ ಹತ್ತಿರದ ಮೈಗೆ 1997ರಲ್ಲಿ ಕೆಂಪು ಮುಖವಾಡ ಹಾಕಿದರು. ಅವನು ಬರುವ ಮೊದಲೇ ಅಂಡರ್‌ಟೇಕರ್‌ನ ಹಳೆಯ ಮ್ಯಾನೇಜರ್ ಪಾಲ್ ಬೇರರ್ ತಿಂಗಳುಗಟ್ಟಲೆ ಅಂಡರ್‌ಟೇಕರ್‌ನನ್ನು ಕಾಡುತ್ತಿದ್ದ: ನಿನ್ನ ತಮ್ಮ ಬೆಂಕಿಯಲ್ಲಿ ಸತ್ತಿಲ್ಲ, ಬದುಕಿದ್ದಾನೆ, ಬರುತ್ತಾನೆ. ಅಕ್ಟೋಬರ್ 5ರಂದು ಮೊಟ್ಟಮೊದಲ ಹೆಲ್ ಇನ್ ಎ ಸೆಲ್ ಪಂದ್ಯ, ಅಂದರೆ ಪಂಜರದೊಳಗೆ ಆಡುವ ಪಂದ್ಯ. ದೀಪ ಆರಿತು. ಅವನು ಬಂದು ಪಂಜರದ ಬಾಗಿಲು ಕಿತ್ತು ಒಳಗೆ ಹೋಗಿ ಅಣ್ಣನ ಎದುರು ನಿಂತ. ಅಲ್ಲಿಯವರೆಗೆ ಯಾರಿಗೂ ಹೆದರದ ಅಂಡರ್‌ಟೇಕರ್ ಕಣ್ಣು ಬಿಟ್ಟು ನೋಡುತ್ತಾ ನಿಂತುಬಿಟ್ಟ. ಆ ನೋಟವೇ ಕೇನ್‌ನನ್ನು ಮಾಡಿದ್ದು. ಮುಖವಾಡ, ಬೆಂಕಿ, ಸಂಗೀತ ಎಲ್ಲ ಆಮೇಲಿನ ಮಾತು. ಮೈ ಅದೇ, ಮನುಷ್ಯ ಅವನೇ. ಬದಲಾದದ್ದು ಎದುರಿಗೆ ನಿಂತವನು ಅವನನ್ನು ನೋಡಿದ ರೀತಿ. (ಆ ಮನುಷ್ಯ ಆಮೇಲೆ ಟೆನೆಸಿಯ ನಾಕ್ಸ್ ಕೌಂಟಿಯ ಮೇಯರ್ ಕೂಡ ಆದ. ದಂತವೈದ್ಯನಾಗಿ ಉಳಿದಿದ್ದರೆ ಮತ ಬೀಳುತ್ತಿತ್ತೋ ಇಲ್ಲವೋ.)

ಪರಿಚಯ ಆದ ಮೇಲೆ ಸಾಮಾನ್ಯವಾಗಿ ನಡೆಯುವುದು 'ಸ್ಕ್ವಾಷ್'. ಅಂದರೆ ಸೋಲಲೆಂದೇ ಕರೆಸಿದವರನ್ನು ಒಂದೆರಡು ನಿಮಿಷದಲ್ಲಿ ಮುಗಿಸುವ ಪಂದ್ಯಗಳು. ಇದನ್ನು ಅತಿ ಎತ್ತರಕ್ಕೆ ಒಯ್ದವನು ಗೋಲ್ಡ್‌ಬರ್ಗ್. 1997ರ ಸೆಪ್ಟೆಂಬರ್ 22ರಂದು ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯುನಲ್ಲಿ ಮೊದಲ ಪಂದ್ಯ. ಮಾತಿಲ್ಲ, ಕತೆಯಿಲ್ಲ. ಬರೋದು, ಗುದ್ದೋದು, ಎತ್ತಿ ಹಾಕೋದು, ಹೋಗೋದು. ಗೆಲುವಿನ ಲೆಕ್ಕ ಟಿವಿಯಲ್ಲಿ ವಾರ ವಾರ ಏರುತ್ತಿತ್ತು. ಕೊನೆಗೆ ಅದು 173 ಅಂತ ಹೇಳಿದರು. ಕಂಪನಿ ಆ ಲೆಕ್ಕವನ್ನು ಕೈಯಿಂದ ಉಬ್ಬಿಸಿದ್ದು ಎಲ್ಲರಿಗೂ ಗೊತ್ತಿರುವ ವಿಷಯ. 1998ರ ಜುಲೈ 6ರಂದು ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ, ಸುಮಾರು 40 ಸಾವಿರ ಜನರ ಮುಂದೆ, ಅವನು ಹಲ್ಕ್ ಹೋಗನ್‌ನನ್ನು ಸೋಲಿಸಿ ಚಾಂಪಿಯನ್ ಆದ. ಹಿಂದೆ ಅಟ್ಲಾಂಟಾ ಫಾಲ್ಕನ್ಸ್ ತಂಡಕ್ಕೆ ಅಮೆರಿಕನ್ ಫುಟ್‌ಬಾಲ್ ಆಡಿದವನು ಅವನು. ಊರಿನ ಹುಡುಗ ಅನ್ನಿ.

ಸ್ಕ್ವಾಷ್‌ನ ತೊಂದರೆ ಏನೆಂದರೆ ಅದಕ್ಕೆ ಎರಡನೇ ಅಧ್ಯಾಯ ಇರುವುದಿಲ್ಲ. ಗೆಲ್ಲುತ್ತಲೇ ಇರುವವನ ಬಗ್ಗೆ ಜನಕ್ಕೆ ಉಳಿಯುವ ಪ್ರಶ್ನೆ ಒಂದೇ: ಯಾವಾಗ ಸೋಲ್ತಾನೆ? ಹಾಗಾಗಿ ಆ ಸೋಲು ಕಂಪನಿಯ ಅತಿ ಬೆಲೆಬಾಳುವ ಆಸ್ತಿ ಆಗಿಬಿಡುತ್ತದೆ. ಅದನ್ನು ಇನ್ನೊಬ್ಬ ಹೊಸಬನಿಗೆ ಕೊಟ್ಟಿದ್ದರೆ ಒಂದರ ಜಾಗದಲ್ಲಿ ಎರಡು ಸ್ಟಾರ್ ಸಿಗುತ್ತಿದ್ದರು. ಡಬ್ಲ್ಯುಸಿಡಬ್ಲ್ಯು ಏನು ಮಾಡಿತು? ಡಿಸೆಂಬರ್ 27ರಂದು, ಸ್ಟಾರ್‌ಕೇಡ್‌ನಲ್ಲಿ, ಸ್ಕಾಟ್ ಹಾಲ್ ಕರೆಂಟ್ ಶಾಕ್ ಕೊಟ್ಟು ಗೋಲ್ಡ್‌ಬರ್ಗ್‌ನನ್ನು ಬೀಳಿಸಿದ, ಕೆವಿನ್ ನ್ಯಾಶ್ ಗೆದ್ದ. ನ್ಯಾಶ್ ಆಗಲೇ ದೊಡ್ಡ ಹೆಸರು, ಅವನಿಗೆ ಇದು ಬೇಕಿರಲಿಲ್ಲ. ಎಂಟು ದಿನದ ಮೇಲೆ, 1999ರ ಜನವರಿ 4ರಂದು, ಅದೇ ನ್ಯಾಶ್ ಹೋಗನ್‌ನ ಒಂದು ಬೆರಳು ಎದೆಗೆ ತಾಗಿದ್ದಕ್ಕೆ ಮಲಗಿಕೊಂಡು ಬೆಲ್ಟು ಒಪ್ಪಿಸಿದ. ಹದಿನೈದು ತಿಂಗಳು ಕಟ್ಟಿದ್ದು ಮತ್ತೆ ಹಳೆಯವರ ಜೇಬಿಗೇ ಹೋಯಿತು. 2001ರ ಮಾರ್ಚ್‌ನಲ್ಲಿ ಆ ಕಂಪನಿಯನ್ನು ಎದುರಾಳಿ ಡಬ್ಲ್ಯುಡಬ್ಲ್ಯುಎಫ್‌ನವರೇ ಕೊಂಡುಕೊಂಡರು. ಇದೊಂದೇ ಕಾರಣಕ್ಕೆ ಮುಳುಗಿತು ಅನ್ನುವುದಿಲ್ಲ, ಹತ್ತಾರು ಕಾರಣ ಇತ್ತು. ಆದರೆ ಹೊಸಬರಿಗೆ ಮೇಲಿನ ಮೆಟ್ಟಿಲು ಬಿಟ್ಟುಕೊಡದ ಚಾಳಿ ಆ ಪಟ್ಟಿಯಲ್ಲಿ ತುಂಬಾ ಮೇಲಿದೆ.

ಈಗ ಇದನ್ನೇ ಸರಿಯಾಗಿ ಮಾಡಿದ ಒಂದು ವರ್ಷ ನೋಡಿ. 2002. ಬ್ರಾಕ್ ಲೆಸ್ನರ್ ಅಮೆರಿಕದ ಕಾಲೇಜು ಕುಸ್ತಿಯಲ್ಲಿ 2000ನೇ ಇಸವಿಯ ಹೆವಿವೇಟ್ ಚಾಂಪಿಯನ್. ನಿಜವಾದ ಪೈಲ್ವಾನ. ಮಾರ್ಚ್ 18ರಂದು ಡಬ್ಲ್ಯುಡಬ್ಲ್ಯುಎಫ್‌ನ ವಾರದ ಟಿವಿ ಕಾರ್ಯಕ್ರಮ 'ರಾ'ದಲ್ಲಿ ನುಗ್ಗಿ ಮೂವರನ್ನು ಚಿಂದಿ ಮಾಡಿದ. ಮಾತು ಬರದವನಿಗೆ ಮಾತಾಡಲು ಪಾಲ್ ಹೇಮನ್‌ನನ್ನು ಜೊತೆ ಮಾಡಿದರು. ಜೂನ್‌ನಲ್ಲಿ ಕಿಂಗ್ ಆಫ್ ದ ರಿಂಗ್ ಪಂದ್ಯಾವಳಿ ಗೆದ್ದ. ಆಗಸ್ಟ್‌ನಲ್ಲಿ ಹಲ್ಕ್ ಹೋಗನ್‌ನನ್ನು ಅಪ್ಪಿ ಹಿಸುಕಿ ಪ್ರಜ್ಞೆ ತಪ್ಪಿಸಿದ. ಗಮನಿಸಿ, ಹೋಗನ್ ಕಾಲು ಹಗ್ಗಕ್ಕೆ ಹಾಕಿ ಬಚಾವಾಗಲಿಲ್ಲ, ಯಾರೋ ಬಂದು ಅಡ್ಡ ಹಾಕಲಿಲ್ಲ. ಸುಮ್ನೆ ಲೆಸ್ನರ್‌ನ ತೋಳಲ್ಲಿ ಜೋತುಬಿದ್ದ. ಬಾಯಿಂದ ರಕ್ತ ಬೇರೆ. ಅದೇ ತಿಂಗಳ 25ರಂದು ಸಮ್ಮರ್‌ಸ್ಲ್ಯಾಮ್‌ನಲ್ಲಿ ದ ರಾಕ್ ಸೋತ, ಅದೂ ನೆಟ್ಟಗೆ. 25 ವರ್ಷದ ಲೆಸ್ನರ್ ಆಗ ಕಂಪನಿಯ ಅತಿ ಕಿರಿಯ ಚಾಂಪಿಯನ್. ಐದು ತಿಂಗಳಲ್ಲಿ ಎರಡು ಪೀಳಿಗೆಯ ಅತಿ ದೊಡ್ಡ ಹೆಸರುಗಳನ್ನು ಒಬ್ಬ ಹುಡುಗನ ಮೇಲೆ ಪೂರ್ತಿ ಖರ್ಚು ಮಾಡಿದರು.

ಜಪಾನಿನಲ್ಲಿ ಇದಕ್ಕಿಂತ ಚೆಂದದ ಉದಾಹರಣೆ ಇದೆ. ನನಗೆ ಇವತ್ತಿಗೂ ಅದಕ್ಕಿಂತ ಶುದ್ಧವಾದ 'ರಬ್' ಕಂಡಿಲ್ಲ. 1990ರಲ್ಲಿ ಜೈಂಟ್ ಬಾಬಾ ನಡೆಸುತ್ತಿದ್ದ ಆಲ್ ಜಪಾನ್ ಕಂಪನಿಯಿಂದ ಗೆನಿಚಿರೊ ಟೆನ್ರ್ಯು ಅನ್ನುವ ದೊಡ್ಡ ಸ್ಟಾರ್ ಎದ್ದು ಹೋದ. ಉಳಿದ ದೊಡ್ಡ ಹೆಸರು ಜಂಬೊ ತ್ಸುರುತ ಮಾತ್ರ. ಎದುರಿಗೆ ನಿಲ್ಲುವವರು ಬೇಕಿತ್ತು. ಮಿತ್ಸುಹರು ಮಿಸಾವಾ ಆರು ವರ್ಷದಿಂದ ಟೈಗರ್ ಮಾಸ್ಕ್ ಅನ್ನುವ ಹುಲಿ ಮುಖವಾಡದ ಹಿಂದೆ ಆಡುತ್ತಿದ್ದ. ಮೇ 14ರಂದು ಪಂದ್ಯದ ಮಧ್ಯದಲ್ಲೇ ಮುಖವಾಡ ಕಿತ್ತು ಎಸೆದ. ಜೂನ್ 8ರಂದು ಟೋಕಿಯೊದ ಬುಡೋಕನ್‌ನಲ್ಲಿ ತ್ಸುರುತನನ್ನು ಸೋಲಿಸಿದ. ನೋಡಲು ಬಂದವರು ಅವನ ಹೆಸರು ಕೂಗುತ್ತಾ ಬರುತ್ತಿದ್ದುದನ್ನು ಕೇಳಿ ಬಾಬಾ ಕೊನೇ ಗಳಿಗೆಯಲ್ಲಿ ಫಲಿತಾಂಶ ಬದಲಿಸಿದ ಅಂತ ಹೇಳುತ್ತಾರೆ. ಗೆದ್ದ ಮಿಸಾವಾ ಅತ್ತುಬಿಟ್ಟ. ಆದರೆ ಬಾಬಾನ ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಮೂರೇ ತಿಂಗಳಲ್ಲಿ ಮರುಪಂದ್ಯ ಇಟ್ಟು ತ್ಸುರುತನನ್ನೇ ಗೆಲ್ಲಿಸಿದ. ಮಿಸಾವಾಗೆ ಕಂಪನಿಯ ದೊಡ್ಡ ಬೆಲ್ಟು ಸಿಕ್ಕಿದ್ದು 1992ರ ಆಗಸ್ಟ್‌ನಲ್ಲಿ. ಎರಡು ವರ್ಷ ಕಾಯಿಸಿದರು. ಆ ಒಂದು ಗೆಲುವು ಅಷ್ಟು ಗಟ್ಟಿ ಇದ್ದುದರಿಂದ ಆಮೇಲೆ ಸೋತರೂ ಜನ ಅವನನ್ನು ಬಿಟ್ಟುಕೊಡಲಿಲ್ಲ.

ಉಲ್ಟಾ ಉದಾಹರಣೆ ಬೇಕಾದರೆ ಡಬ್ಲ್ಯುಡಬ್ಲ್ಯುಇಯ ನೆಕ್ಸಸ್ ಅನ್ನುವ ಗುಂಪು. 2010ರ ಜೂನ್ 7. ಹೊಸದಾಗಿ ಬಂದ ಎಂಟು ಹುಡುಗರು ರಾ ಕಾರ್ಯಕ್ರಮಕ್ಕೆ ನುಗ್ಗಿ ಜಾನ್ ಸೀನಾನನ್ನು ಹೊಡೆದರು, ರಿಂಗನ್ನೇ ಬಿಚ್ಚಿ ಹಾಕಿದರು. ನೋಡುವವರಿಗೆ ಮೈ ಝುಂ ಅಂದಿತ್ತು. ಇಷ್ಟು ಒಳ್ಳೆ ಪರಿಚಯ ಆ ಹತ್ತು ವರ್ಷದಲ್ಲಿ ಇನ್ನೊಂದಿಲ್ಲ. ಎರಡು ತಿಂಗಳ ಮೇಲೆ ಸಮ್ಮರ್‌ಸ್ಲ್ಯಾಮ್‌ನಲ್ಲಿ ಏಳು ಜನರ ವಿರುದ್ಧ ಏಳು ಜನರ ಪಂದ್ಯ. ಕೊನೆಗೆ ಉಳಿದದ್ದು ಸೀನಾ ಒಬ್ಬ, ಎದುರಿಗೆ ಇಬ್ಬರು. ಮ್ಯಾಟ್ ತೆಗೆದ ಬರಿ ಕಾಂಕ್ರೀಟ್ ಮೇಲೆ ಸೀನಾನ ತಲೆ ಕುಟ್ಟಿದರು. ಅವನು ಎದ್ದ. ಜಸ್ಟಿನ್ ಗೇಬ್ರಿಯಲ್‌ನನ್ನು ಮುಗಿಸಿದ, ವೇಡ್ ಬ್ಯಾರೆಟ್‌ನನ್ನೂ ಮುಗಿಸಿದ. ಮನೆಗೆ ಹೋದ. ಪಂದ್ಯದಲ್ಲಿ ಇದ್ದ ಎಡ್ಜ್, ಕ್ರಿಸ್ ಜೆರಿಕೊ ಇಬ್ಬರೂ ಆಮೇಲೆ ಸಂದರ್ಶನಗಳಲ್ಲಿ ಹೇಳಿದ್ದಾರೆ, ನೆಕ್ಸಸ್ ಗೆಲ್ಲಬೇಕಿತ್ತು ಅಂತ. ಸೀನಾಗೆ ಆ ಗೆಲುವಿನಿಂದ ಒಂದು ರೂಪಾಯಿ ಲಾಭ ಆಗಲಿಲ್ಲ. ಅವನ ಬಳಿ ಅಂಥವು ನೂರಿತ್ತು. ಬ್ಯಾರೆಟ್ ಕೊನೆಗೂ ಕಂಪನಿಯ ದೊಡ್ಡ ಬೆಲ್ಟು ಮುಟ್ಟಲಿಲ್ಲ.

ಹಾಗಂತ ಸ್ಟಾರ್ ಆಗಲು ಗೆಲ್ಲಲೇಬೇಕು ಅಂತಿಲ್ಲ. ಸೀನಾನ ಮೊದಲ ಪಂದ್ಯವೇ ನೋಡಿ. 2002ರ ಜೂನ್ 27ರಂದು ಕರ್ಟ್ ಆ್ಯಂಗಲ್ ಹಾಕಿದ ಸವಾಲಿಗೆ ಬಂದ, ಕೆನ್ನೆಗೆ ಬಾರಿಸಿದ, ಕೊನೆಗೆ ಸೋತ. ಸೋತು ಒಳಗೆ ಹೋದಾಗ ಅಂಡರ್‌ಟೇಕರ್ ಕೈ ಕುಲುಕಿದ. ಆ ಕೈ ಕುಲುಕಿದ್ದು ಗೆಲುವಿಗಿಂತ ದೊಡ್ಡದು.

ಆದರೆ ಸೋತು ಬೆಳೆದವರಲ್ಲಿ ಮೊದಲ ಹೆಸರು ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್. ಅವನು 1996ರ ಶುರುವಿನಲ್ಲಿ ಬಂದಾಗ ಹೆಸರು ರಿಂಗ್‌ಮಾಸ್ಟರ್. ಪೇಲವ ಪಾತ್ರ. ಅದೇ ವರ್ಷ ಜೂನ್‌ನಲ್ಲಿ ಕಿಂಗ್ ಆಫ್ ದ ರಿಂಗ್ ಗೆಲ್ಲಬೇಕಿದ್ದವನು ಟ್ರಿಪಲ್ ಎಚ್. ಆದರೆ ಮೇ ತಿಂಗಳಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಕಂಪನಿ ಬಿಟ್ಟು ಹೋಗುತ್ತಿದ್ದ ಗೆಳೆಯರನ್ನು ಪಾತ್ರ ಮರೆತು ರಿಂಗಿನಲ್ಲೇ ಅಪ್ಪಿಕೊಂಡ ಗುಂಪಿನಲ್ಲಿ ಅವನಿದ್ದ. ಶಿಕ್ಷೆಯಾಗಿ ಅವಕಾಶ ಹೋಯಿತು, ಅದು ಆಸ್ಟಿನ್‌ಗೆ ಬಂತು. ಜೇಕ್ ರಾಬರ್ಟ್ಸ್‌ನನ್ನು ಸೋಲಿಸಿ, ಅವನ ಬೈಬಲ್ ಮಾತನ್ನೇ ಹಿಡಿದು ಗೇಲಿ ಮಾಡುತ್ತಾ 'ಆಸ್ಟಿನ್ 3:16' ಅಂದ (ಬೈಬಲಿನ ಹೆಸರಾಂತ 'ಜಾನ್ 3:16' ವಾಕ್ಯದ ಅಣಕ). ಮುಂದಿನ ವಾರಗಳಲ್ಲಿ ಜನ ಅದನ್ನು ರಟ್ಟಿನ ಮೇಲೆ ಬರೆದುಕೊಂಡು ಬರತೊಡಗಿದರು. ಯಾರೂ ಯೋಜಿಸಿರಲಿಲ್ಲ. ಕುಸ್ತಿ ಇತಿಹಾಸದ ಅತಿ ದೊಡ್ಡ ಸ್ಟಾರ್ ಹುಟ್ಟಿದ್ದು ಇನ್ನೊಬ್ಬನಿಗೆ ಕೊಟ್ಟ ಶಿಕ್ಷೆಯಿಂದ. ಬುಕರ್‌ಗಳು ಎಲ್ಲ ಬಲ್ಲವರು ಅಂತ ಯಾರಾದರೂ ಅಂದರೆ ಈ ಕತೆ ಹೇಳಿ.

ಆದರೂ ಆಸ್ಟಿನ್ ಆಗ ಖಳನೇ. ಅವನನ್ನು ಜನರ ಮನುಷ್ಯನನ್ನಾಗಿ ಮಾಡಿದ್ದು ಕಂಪನಿಯ ವರ್ಷದ ಅತಿ ದೊಡ್ಡ ಕಾರ್ಯಕ್ರಮ, 1997ರ ಮಾರ್ಚ್ 23ರ ರೆಸಲ್‌ಮೇನಿಯಾ 13. ಎದುರಾಳಿ ಬ್ರೆಟ್ ಹಾರ್ಟ್, ಕಂಪನಿಯ ಮರ್ಯಾದಸ್ಥ ನಾಯಕ. ಸೋಲೊಪ್ಪಿಕೊಳ್ಳುವವರೆಗೂ ಬಿಡದ ಪಂದ್ಯ. ಹಾರ್ಟ್ ತನ್ನ ಶಾರ್ಪ್‌ಶೂಟರ್ ಪಟ್ಟು ಹಾಕಿದ. ಆಸ್ಟಿನ್‌ನ ಹಣೆಯಿಂದ ರಕ್ತ ಇಳಿದು ಹಲ್ಲಿನವರೆಗೆ ಬಂದಿತ್ತು. ಕಿರುಚಿದ, ಒದ್ದಾಡಿದ, ಸೋತೆ ಅನ್ನಲಿಲ್ಲ. ಪ್ರಜ್ಞೆ ತಪ್ಪಿದ. ಪಂದ್ಯ ಹಾರ್ಟ್‌ದು. ಗೆದ್ದ ಮೇಲೂ ಹಾರ್ಟ್ ಬಿದ್ದವನನ್ನು ಬಿಡದೆ ಹೊಡೆಯತೊಡಗಿದ. ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಖಳ ನಾಯಕನಾದ, ನಾಯಕ ಖಳನಾದ. ಹಾರ್ಟ್ ಗೆದ್ದೂ ತನ್ನ ಒಳ್ಳೆ ಹೆಸರನ್ನು ಕೊಟ್ಟುಬಿಟ್ಟ. ಇದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಒಂದು ವರ್ಷದ ಮೇಲೆ ಆಸ್ಟಿನ್‌ಗೆ ಬೆಲ್ಟು ಬಂತು, ಅಷ್ಟು ಹೊತ್ತಿಗೆ ಅದು ಬರೀ ಔಪಚಾರಿಕ.

ಜನ ಒಪ್ಪದಿದ್ದರೆ ಏನಾಗುತ್ತದೆ? ರಾಕ್‌ನನ್ನೇ ಕೇಳಿ. 1996ರ ನವೆಂಬರ್‌ನಲ್ಲಿ ಅವನು ರಾಕಿ ಮೈವಿಯಾ. ಅಜ್ಜ ಪೀಟರ್ ಮೈವಿಯಾ, ಅಪ್ಪ ರಾಕಿ ಜಾನ್ಸನ್, ಇಬ್ಬರ ಹೆಸರೂ ಸೇರಿಸಿ ಇಟ್ಟದ್ದು. ಬಂದ ಮೊದಲ ರಾತ್ರಿಯೇ ತನ್ನ ತಂಡದಲ್ಲಿ ಒಬ್ಬನೇ ಉಳಿದು ಗೆದ್ದ. ಮೂರು ತಿಂಗಳಲ್ಲಿ ಇಂಟರ್‌ಕಾಂಟಿನೆಂಟಲ್ ಬೆಲ್ಟು. ಸದಾ ನಗು, ಸದಾ ಒಳ್ಳೆಯವನು. ಜನಕ್ಕೆ ತಲೆಕೆಟ್ಟಿತು. 'ಸಾಯಿ ರಾಕಿ ಸಾಯಿ' ಅಂತ ಕೂಗಿದರು. ನಮಗೆ ಯಾರು ಇಷ್ಟ ಆಗಬೇಕು ಅಂತ ಹೇಳೋಕೆ ನೀವ್ಯಾರು ಅನ್ನುವ ಸಿಟ್ಟು ಅದು. 1997ರ ಆಗಸ್ಟ್‌ನಲ್ಲಿ ಅವನನ್ನು ಖಳ ಮಾಡಿದರು. ಅವನು ಮೈಕ್ ಹಿಡಿದು ಬೈದವರನ್ನೇ ವಾಪಸ್ ಬೈದ. ಹಾಗೆ ಬೈಸಿಕೊಂಡ ಜನವೇ ವರ್ಷ ಕಳೆಯುವುದರೊಳಗೆ ಅವನನ್ನು ಹೆಗಲ ಮೇಲೆ ಹೊತ್ತರು.

ವಿಚಿತ್ರ ನೋಡಿ, ಇದೇ ತಪ್ಪನ್ನು ಅದೇ ಕಂಪನಿ ರಾಕ್‌ನದೇ ಬಳಗದ ರೋಮನ್ ರೇನ್ಸ್ ವಿಷಯದಲ್ಲಿ ಮತ್ತೆ ಮಾಡಿತು. 2015ರ ಜನವರಿ, ಫಿಲಡೆಲ್ಫಿಯಾದಲ್ಲಿ ರಾಯಲ್ ರಂಬಲ್, ಅಂದರೆ ಎಲ್ಲರನ್ನೂ ರಿಂಗಿನಿಂದ ಹೊರಗೆ ಹಾಕಿ ಕೊನೆಗೆ ಉಳಿದವನು ಗೆಲ್ಲುವ ಪಂದ್ಯ. ರೇನ್ಸ್ ಗೆದ್ದ. ಜನ ಛೀಮಾರಿ ಹಾಕಿದರು. ಬೆಂಬಲಕ್ಕೆ ಬಂದ ರಾಕ್ ಪಕ್ಕದಲ್ಲಿ ನಿಂತರೂ ಕೂಗು ನಿಲ್ಲಲಿಲ್ಲ, ರಾಕ್‌ನ ಮುಖದಲ್ಲಿ ಗಲಿಬಿಲಿ ಕಾಣುತ್ತಿತ್ತು. ಅಲ್ಲಿ ಸೇರಿದ್ದ ಜನಕ್ಕೆ ಡೇನಿಯಲ್ ಬ್ರಯನ್ ಬೇಕಿತ್ತು. ಹಿಂದಿನ ವರ್ಷ ಹೀಗೇ ಗಲಾಟೆ ಮಾಡಿ ಜನ ಬ್ರಯನ್‌ನನ್ನು ರೆಸಲ್‌ಮೇನಿಯಾ 30ರ ಕೊನೇ ಪಂದ್ಯಕ್ಕೆ ತಳ್ಳಿದ್ದರು, ಬೆಲ್ಟೂ ಕೊಡಿಸಿದ್ದರು. ರೇನ್ಸ್‌ನನ್ನು ಸರಿ ಮಾಡಲು ಕಂಪನಿಗೆ ಐದು ವರ್ಷ ಹಿಡಿಯಿತು. 2020ರ ಆಗಸ್ಟ್‌ನಲ್ಲಿ ಖಳನಾಗಿ ವಾಪಸ್ ಬಂದ, ಹೇಮನ್ ಪಕ್ಕ ನಿಂತ. 1,316 ದಿನ ಬೆಲ್ಟು ಇಟ್ಟುಕೊಂಡ. ಆ ಕತೆಯ ನಿಜವಾದ ಲಾಭ ಪಡೆದದ್ದು ಅವನ ದಾಯಾದಿ ಜೇ ಊಸೊ ಅಂತ ನನಗನ್ನಿಸುತ್ತದೆ. ಹತ್ತು ವರ್ಷ ಅವಳಿ ಜೋಡಿಯಲ್ಲಿ ಒಬ್ಬನಾಗಿದ್ದವನು, ರೇನ್ಸ್ ಕೈಯಲ್ಲಿ ಏಟು ತಿಂದು, ತಲೆಬಾಗಿ, ತಿರುಗಿ ಬಿದ್ದು, 2025ರಲ್ಲಿ ರಂಬಲ್ ಗೆದ್ದು ರೆಸಲ್‌ಮೇನಿಯಾದಲ್ಲಿ ಚಾಂಪಿಯನ್ ಆದ.

ನಿಧಾನಕ್ಕೆ ಬೆಳೆಸುವುದು ಹೇಗೆ ಅಂತ ಕಲಿಯಬೇಕಾದರೆ ಬಟಿಸ್ಟಾನ ಕತೆ ಸಾಕು. 2003ರಿಂದ ಟ್ರಿಪಲ್ ಎಚ್‌ನ ಗುಂಪಿನಲ್ಲಿ ಬಾಯಿ ಮುಚ್ಚಿಕೊಂಡ ಬಾಡಿಗಾರ್ಡ್. ಬಾಸ್ ಏನೋ ಅಂದಾಗ ಒಂದು ಓರೆ ನೋಟ. ಇನ್ನೊಂದು ವಾರ ಒಂದು ಸಣ್ಣ ನಗು. ತಿಂಗಳುಗಟ್ಟಲೆ ಅಷ್ಟೇ. ಜನವೇ 'ತಿರುಗಿ ಬೀಳೋ ಮಾರಾಯ' ಅನ್ನುವ ಸ್ಥಿತಿಗೆ ಬಂದರು. 2005ರ ಫೆಬ್ರವರಿಯಲ್ಲಿ ಅವನು ಹೆಬ್ಬೆರಳು ಮೇಲೆ ಮಾಡಿ, ಆಮೇಲೆ ಕೆಳಗೆ ತಿರುಗಿಸಿ, ಬಾಸನ್ನು ಮೇಜಿನ ಮೇಲೆ ಎತ್ತಿ ಹಾಕಿದಾಗ ಆದ ಸದ್ದು ಕೇಳಬೇಕು. ರೆಸಲ್‌ಮೇನಿಯಾದಲ್ಲಿ ಟ್ರಿಪಲ್ ಎಚ್ ಸೋತ. ಮುಂದಿನ ತಿಂಗಳು ಮತ್ತೆ ಸೋತ. ಜೂನ್‌ನಲ್ಲಿ, ತಾನು ರಾಜನಾಗಿ ಮೆರೆದಿದ್ದ ಹೆಲ್ ಇನ್ ಎ ಸೆಲ್ ಪಂಜರದಲ್ಲೂ ಸೋತ. ಸತತ ಮೂರು ಸಲ. ತನ್ನ ಸ್ಥಾನ ಬಿಟ್ಟುಕೊಡಲ್ಲ ಅಂತ ಟ್ರಿಪಲ್ ಎಚ್ ಮೇಲೆ ಬರುವ ದೂರುಗಳಲ್ಲಿ ಹುರುಳಿದೆ. ಆದರೆ ಈ ಮೂರು ಸೋಲನ್ನೂ ಅವನ ಖಾತೆಗೆ ಬರೆಯಬೇಕು.

ಜಪಾನಿನ ನ್ಯೂ ಜಪಾನ್ ಕಂಪನಿಯ ಪದ್ಧತಿಯೇ ಬೇರೆ. ಹೊಸಬನಿಗೆ ಕಪ್ಪು ಚಡ್ಡಿ, ಕಪ್ಪು ಬೂಟು, ನಾಲ್ಕೈದು ಮೂಲ ಪಟ್ಟು, ಅಷ್ಟೇ. 'ಯಂಗ್ ಲಯನ್' ಅಂತ ಹೆಸರು. ಗರಡಿಯಲ್ಲೇ ವಾಸ, ಕಸ ಗುಡಿಸುವುದು, ಹಿರಿಯರ ಸೇವೆ. ಸೋಲುತ್ತಾ ಸೋಲುತ್ತಾ ಕಲಿತ ಮೇಲೆ ಒಂದೆರಡು ವರ್ಷ ವಿದೇಶಕ್ಕೆ ಕಳಿಸುತ್ತಾರೆ. ವಾಪಸ್ ಬಂದಾಗ ಹೊಸ ವೇಷ, ಹೊಸ ನಡೆ. ಕಜುಚಿಕಾ ಒಕಾಡಾ ಅಮೆರಿಕದಲ್ಲಿ ಇದ್ದಾಗ ಅಲ್ಲಿನವರು ಅವನನ್ನು ಒಂದು ಜುಜುಬಿ ಮುಖವಾಡದ ಪಾತ್ರಕ್ಕೆ ಹಾಕಿದ್ದರು. 2012ರ ಜನವರಿ 4ರಂದು ಊರಿಗೆ ಬಂದ. ಜನ ಮೂಗು ಮುರಿದರು. ಫೆಬ್ರವರಿ 12ರಂದು ಒಸಾಕಾದಲ್ಲಿ ಹಿರೋಶಿ ತಾನಹಾಶಿ ಅವನಿಗೆ ಸೋತ, ಬೆಲ್ಟು ಬಿಟ್ಟುಕೊಟ್ಟ. ಅಲ್ಲಿಂದ ಮುಂದೆ ಯಾರೂ ನಗಲಿಲ್ಲ.

ಈಗ ನಮ್ಮವರ ವಿಷಯ. ಹಿಮಾಚಲದ ದಲೀಪ್ ಸಿಂಗ್ ರಾಣಾ, ಅಂದರೆ ಖಲಿ, 2006ರ ಏಪ್ರಿಲ್‌ನಲ್ಲಿ ಬಂದು ಅಂಡರ್‌ಟೇಕರ್‌ನನ್ನು ಹೊಡೆದು ಮಲಗಿಸಿದ. ಮೇನಲ್ಲಿ ಜಡ್ಜ್‌ಮೆಂಟ್ ಡೇ ಕಾರ್ಯಕ್ರಮದ ಪಂದ್ಯದಲ್ಲೂ ಸೋಲಿಸಿದ. ಇದಕ್ಕಿಂತ ದೊಡ್ಡ ಉಡುಗೊರೆ ಯಾವ ಹೊಸಬನಿಗೂ ಸಿಗದು. ಟೆನ್ ಸ್ಪೋರ್ಟ್ಸ್ ಮುಂದೆ ಕೂತಿದ್ದ ನಮಗೆಲ್ಲ ಹುಚ್ಚು ಹಿಡಿದದ್ದು ಸುಳ್ಳಲ್ಲ. ಆದರೆ ಆ ಗಾತ್ರದ ಮೈ ಉದ್ದದ ಪಂದ್ಯಕ್ಕೆ ಬಗ್ಗುತ್ತಿರಲಿಲ್ಲ. 2007ರ ಜುಲೈನಲ್ಲಿ ವಿಶ್ವ ಚಾಂಪಿಯನ್ ಆದದ್ದು ಬ್ಯಾಟಲ್ ರಾಯಲ್‌ನಲ್ಲಿ, ಗಾಯಗೊಂಡ ಎಡ್ಜ್ ಬಿಟ್ಟುಕೊಟ್ಟ ಬೆಲ್ಟಿಗಾಗಿ. ಇಪ್ಪತ್ತು ಜನ ಒಟ್ಟಿಗೆ ನುಗ್ಗಾಡುವ ಪಂದ್ಯದಲ್ಲಿ ಗೆದ್ದರೆ ಯಾರ ಹೆಸರೂ ನಿಮಗೆ ದಾಟುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಬಟಿಸ್ಟಾ ಕಿತ್ತುಕೊಂಡ. ಆಮೇಲೆ ಖಲಿಯನ್ನು ಮುತ್ತು ಕೊಡುವ ತಮಾಷೆಯ ಪಾತ್ರಕ್ಕೆ ಇಳಿಸಿದರು. ಅಂಡರ್‌ಟೇಕರ್‌ನನ್ನು ಬೀಳಿಸಿದವನನ್ನು ಜೋಕರ್ ಮಾಡಿದ್ದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ.

ಜಿಂದರ್ ಮಹಲ್ ಕೆನಡಾದ ಕ್ಯಾಲ್ಗರಿಯ ಪಂಜಾಬಿ ಹುಡುಗ. ಡ್ರೂ ಮೆಕಿಂಟೈರ್, ಹೀತ್ ಸ್ಲೇಟರ್ ಜೊತೆ ತ್ರೀ ಎಂ ಬಿ ಅನ್ನುವ ನಗೆಪಾಟಲಿನ ಬ್ಯಾಂಡ್‌ನಲ್ಲಿದ್ದ. 2014ರಲ್ಲಿ ಮಹಲ್, ಮೆಕಿಂಟೈರ್ ಇಬ್ಬರನ್ನೂ ಕೆಲಸದಿಂದ ತೆಗೆದರು. ಇಬ್ಬರೂ ವಾಪಸ್ ಬಂದರು, ಇಬ್ಬರೂ ಚಾಂಪಿಯನ್ ಆದರು. ಹೇಗೆ ಆದರು ಅನ್ನುವುದನ್ನು ಪಕ್ಕಪಕ್ಕ ಇಟ್ಟು ನೋಡಿ. ಮಹಲ್ 2017ರ ಏಪ್ರಿಲ್ 18ರವರೆಗೆ ವಾರ ವಾರ ಸೋಲುತ್ತಿದ್ದ. ಅವತ್ತು ದಿಢೀರ್ ಅಂತ ಆರು ಜನರ ಪಂದ್ಯ ಗೆಲ್ಲಿಸಿದರು. ಮೇ 21ಕ್ಕೆ ರ‍್ಯಾಂಡಿ ಆರ್ಟನ್‌ನನ್ನು ಸೋಲಿಸಿ ಚಾಂಪಿಯನ್, ಅದೂ ಅವನ ಜೊತೆಗಾರರಾದ ಸಿಂಗ್ ಬ್ರದರ್ಸ್ ಅಡ್ಡ ಬಂದದ್ದರಿಂದ. ಆರ್ಟನ್‌ನ ಹೆಸರು ಆರ್ಟನ್ ಬಳಿಯೇ ಉಳಿಯಿತು. ಭಾರತದ ಮಾರುಕಟ್ಟೆಗಾಗಿ ಮಾಡಿದ್ದು ಅಂತ ಎಲ್ಲರಿಗೂ ಕಾಣುತ್ತಿತ್ತು. ಹಾಗೆ ಕಾಣಬಾರದಿತ್ತು. ತಮಾಷೆ ಅಂದರೆ, ಡಿಸೆಂಬರ್‌ನಲ್ಲಿ ದೆಹಲಿಗೆ ಬರುವ ಒಂದು ತಿಂಗಳು ಮೊದಲು ಮ್ಯಾಂಚೆಸ್ಟರ್‌ನಲ್ಲಿ ಎಜೆ ಸ್ಟೈಲ್ಸ್‌ಗೆ ಬೆಲ್ಟು ಕೊಟ್ಟುಬಿಟ್ಟರು. ದೆಹಲಿಯಲ್ಲಿ ನಮ್ಮ ಜನರ ಮುಂದೆಯೇ ಟ್ರಿಪಲ್ ಎಚ್ ಅವನನ್ನು ಸೋಲಿಸಿದ. ಆಮೇಲೆ ಇಬ್ಬರೂ ಭಾಂಗ್ರಾ ಕುಣಿದರು. ಭಾಂಗ್ರಾ ಚೆನ್ನಾಗಿತ್ತು.

ಮೆಕಿಂಟೈರ್ ಮಾತ್ರ ಹೊರಗಿನ ಸಣ್ಣ ಕಂಪನಿಗಳಲ್ಲಿ ಹೊಸ ಮನುಷ್ಯನಾಗಿ, ಡಬ್ಲ್ಯುಡಬ್ಲ್ಯುಇ ಹೊಸಬರನ್ನು ತಯಾರು ಮಾಡುವ ಎನ್‌ಎಕ್ಸ್‌ಟಿ ಮೂಲಕ ಹಂತ ಹಂತವಾಗಿ ಬಂದ. 2020ರ ರಂಬಲ್‌ನಲ್ಲಿ ಲೆಸ್ನರ್ 13 ಜನರನ್ನು ಹೊರಗೆ ಎಸೆದು ನಿಂತಿದ್ದ. ಮೆಕಿಂಟೈರ್ ಬಂದು ಒಂದು ಒದೆ ಕೊಟ್ಟು ಅವನನ್ನೇ ಹೊರಗೆ ಹಾಕಿದ. ಆ 13 ಜನರ ಮೊತ್ತ ಒಂದೇ ಒದೆಯಲ್ಲಿ ಇವನಿಗೆ ದಾಟಿತು. ಏಪ್ರಿಲ್‌ನಲ್ಲಿ ಬೆಲ್ಟು ಗೆದ್ದಾಗ ಕೋವಿಡ್‌ನಿಂದ ಕುರ್ಚಿಗಳು ಖಾಲಿ ಇದ್ದವು, ಪಾಪ.

ವೀರ್ ಮಹಾನ್ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. ಉತ್ತರ ಪ್ರದೇಶದ ರಿಂಕು ಸಿಂಗ್, ಜಾವೆಲಿನ್ ಎಸೆಯುತ್ತಿದ್ದ ಹುಡುಗ, ಟಿವಿ ಸ್ಪರ್ಧೆ ಗೆದ್ದು ಅಮೆರಿಕದ ಬೇಸ್‌ಬಾಲ್ ತಂಡಕ್ಕೆ ಸೇರಿದವನು. ಅವನ ನಿಜವಾದ ಬದುಕೇ ಒಂದು ಕತೆ. ಅದನ್ನು ಬಿಟ್ಟು ತಿಲಕ, ರುದ್ರಾಕ್ಷಿ, ಕೆಂಗಣ್ಣು ಹಚ್ಚಿದರು. 'ವೀರ್ ಮಹಾನ್ ಬರುತ್ತಿದ್ದಾನೆ' ಅಂತ 2021ರ ಕೊನೆಯಿಂದ ತೋರಿಸುತ್ತಾ ಬಂದು 2022ರ ಏಪ್ರಿಲ್ 4ರಂದು ಕರೆತಂದರು. ಅಷ್ಟು ಹೊತ್ತಿಗೆ ಅದು ಜೋಕಾಗಿತ್ತು. ಬಂದ ಮೇಲೆ ಕೈಗೆ ಸಿಕ್ಕಿದವರನ್ನು ಹೊಡೆದ, ದೊಡ್ಡವರು ಯಾರೂ ಅವನಿಗೆ ಸೋಲಲಿಲ್ಲ. 2024ರ ಏಪ್ರಿಲ್‌ನಲ್ಲಿ ಅವನನ್ನೂ ಮಹಲ್‌ನನ್ನೂ ಒಟ್ಟಿಗೆ ಬಿಟ್ಟುಬಿಟ್ಟರು.

ಮುಂದೆ ಯಾರು ಅಂತ ತಿಳಿಯಬೇಕಾ? ಗೆದ್ದವರ ಪಟ್ಟಿ ಬದಿಗಿಡಿ. ದೊಡ್ಡ ಸ್ಟಾರ್ ಹೊಸಬನ ಎದುರು ನಿಂತಾಗ ಅವನ ಮುಖ ನೋಡಿ: ನಗುತ್ತಾನಾ, ಕಣ್ಣು ಕಿರಿದು ಮಾಡುತ್ತಾನಾ? ಸೋತ ಸ್ಟಾರ್ ತಕ್ಷಣ ಎದ್ದು ಬಟ್ಟೆ ಕೊಡವಿಕೊಂಡು ಹೋದರೆ ಆ ಗೆಲುವಿಗೆ ಬೆಲೆಯಿಲ್ಲ. ಮುಂದಿನ ವಾರವೂ ಕುಂಟುತ್ತಾ ಬಂದರೆ ಬೆಲೆ ಇದೆ. ಪಂದ್ಯ ಆದ ಮೇಲೆ ಕ್ಯಾಮೆರಾ ಯಾರ ಮೇಲೆ ನಿಲ್ಲುತ್ತದೆ ಅನ್ನುವುದನ್ನೂ ಗಮನಿಸಿ. 1990ರ ರೆಸಲ್‌ಮೇನಿಯಾದಲ್ಲಿ ಅಲ್ಟಿಮೇಟ್ ವಾರಿಯರ್‌ಗೆ ಸೋತ ಹೋಗನ್, ಬೆಲ್ಟನ್ನು ತಾನೇ ತಂದು ಅವನ ಕೈಗಿಟ್ಟು ಅಪ್ಪಿಕೊಂಡ. ನೋಡಿದವರೆಲ್ಲ ಹೋಗನ್‌ನ ದೊಡ್ಡ ಮನಸ್ಸನ್ನೇ ಹೊಗಳುತ್ತಾ ಮನೆಗೆ ಹೋದರು, ಗೆದ್ದ ವಾರಿಯರ್‌ನನ್ನಲ್ಲ. ಈಗ ನೆಟ್‌ಫ್ಲಿಕ್ಸ್‌ನಲ್ಲಿ ಬರುವ ಕಾರ್ಯಕ್ರಮವನ್ನು ಒಂದು ಸಲ ಸದ್ದು ಪೂರ್ತಿ ಆಫ್ ಮಾಡಿ ನೋಡಿ. ಕಾಮೆಂಟರಿಯವರು ಯಾರನ್ನು ಹೊಗಳುತ್ತಿದ್ದಾರೆ ಅನ್ನುವುದು ಕಿವಿಗೆ ಬೀಳದಿದ್ದಾಗ, ಕಂಪನಿ ಯಾರಿಗೆ ಹಣ ಕಟ್ಟಿದೆ ಅನ್ನುವುದು ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ.